ಬಿಡುತ್ತಣ್ಣನ ಕೇಸು

ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವರು ಸುಳ್ಳು ಹೇಳುತ್ತಾರೆ ಎಂದು ಯಾರಾದರೂ ಅಂದರೆ ನಂಬಬೇಡಿ. ಅವರು ಹೇಳುವುದು ಸುಳ್ಳಲ್ಲ, ಭರವಸೆ. ಶೂ ಬಿಗಿಯಾಯಿತೆಂದು ಗಿರಾಕಿ ಮುಖ ಹಿಂಡಿದರೆ "ಹಾಕ್ತಾ ಹಾಕ್ತಾ ಬಿಡುತ್ತೆ ಸಾರ್" ಎನ್ನುವುದು, ಸಡಿಲವಾಯಿತೆಂದು ಗೊಣಗಿದರೆ "ಕಾಲುಚೀಲ ಹಾಕಿದ್ಮೇಲೆ ಸರಿಹೋಗುತ್ತೆ" ಎನ್ನುವುದು, ಎಡಗಾಲಿಗೆ ಸರಿಯಾಗಿ ಬಲಗಾಲಿಗೆ ಕಚ್ಚಿದರೆ "ಎಲ್ಲರ ಬಲಗಾಲೂ ಸ್ವಲ್ಪ ದೊಡ್ಡದೇ ಇರುತ್ತೆ ಸಾರ್, ನಿಮ್ಮದೇನು ವಿಶೇಷ ಅಲ್ಲ" ಎಂದು ಸಮಾಧಾನ ಮಾಡುವುದು. ನಮ್ಮ ಕಥಾನಾಯಕ ಈ ವಿದ್ಯೆಯಲ್ಲಿ ಚೆನ್ನಾಗಿ ಪಳಗಿದವನು. ಪೇಟೆಯ ದೊಡ್ಡ ಚಪ್ಪಲಿ ಅಂಗಡಿಯಲ್ಲಿ ಗಂಡಸರ ವಿಭಾಗ ಅವನದು. ಶೂ ಹಾಕಿಸುವ ಉಕ್ಕಿನ ಪಟ್ಟಿ ಸದಾ ಅವನ ಅಂಗಿಜೇಬಿನಲ್ಲಿ. ಅದನ್ನು ಹಿಮ್ಮಡಿಯ ಹಿಂದೆ ಇಟ್ಟು ಒಮ್ಮೆ ಜಾರಿಸಿದನೆಂದರೆ ಎಂಥ ಪಾದವೂ ಎಂಥ ಶೂವಿನೊಳಗೂ ಹೋಗಲೇಬೇಕು. ಹೊರಗೆ ಬರುವುದು ಗಿರಾಕಿಯ ಹಣೆಬರಹ.

ಹೀಗಾಗಿ ಮೊದಲು ಅಂಗಡಿಯವರು, ಆಮೇಲೆ ಬೀದಿಯವರು, ಕೊನೆಗೆ ಹೆಂಡತಿಯ ಕಡೆಯವರೂ ಅವನನ್ನು ಬಿಡುತ್ತಣ್ಣ ಎಂದೇ ಕರೆಯತೊಡಗಿದರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ. ಮನೆಯ ಬಾಗಿಲು ಕಚ್ಚಿಕೊಂಡರೆ "ಬಿಡುತ್ತೆ" ಎನ್ನುವನು. ಬಾಟಲಿಯ ಮುಚ್ಚಳ ತಿರುಗದಿದ್ದರೆ "ಬಿಡುತ್ತೆ" ಎನ್ನುವನು. ಬಚ್ಚಲುಮನೆಯ ಸೂರಿನಿಂದ ಮೇಲಿನ ಮನೆಯ ನೀರು ತೊಟ್ಟಿಕ್ಕಿ ಹೆಂಡತಿ ಕೊಡೆ ಹಿಡಿದು ಸ್ನಾನ ಮಾಡುವ ಹಾಗಾದಾಗಲೂ "ನೀರೂ ಬಿಡುತ್ತೆ" ಎಂದ. ಅವತ್ತು ಹೆಂಡತಿ ಮೆಟ್ಟಿಲ ಮೇಲೆ ನಿಂತು, ಮೇಲಿನ ಮನೆಯಲ್ಲೇ ಇರುವ ಓನರಿಗೆ ಕೇಳುವ ಹಾಗೆ, "ಇನ್ನೊಂದು ಸಲ ತೊಟ್ಟಿಕ್ಕಲಿ, ಕೋರ್ಟಿಗೇ ಹೋಗ್ತೀನಿ!" ಎಂದು ಕೂಗಿದ್ದಳು. ಓನರು ಎಂದಿನಂತೆ "ನೋಡೋಣ" ಎಂದು ಒಳಗೆ ಹೋಗಿದ್ದರು. ಆದರೆ ಮಾತು ಕಿವಿಯಲ್ಲಿ ಉಳಿದಿತ್ತು.

ಇಂಥ ಮನೆಯಲ್ಲಿ ಬಿಡುತ್ತಣ್ಣನ ಮಗಳು ಪುಟ್ಟಿ ಒಳಾಂಗಣ ವಿನ್ಯಾಸ ಕಲಿತು ಬಂದಳು. ಅಂದರೆ ಗೋಡೆ, ಕಪಾಟು, ಒಲೆಕಟ್ಟೆ ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ಓಡಾಡಿದ ಹಾಗೆ ತೋರಿಸಿ, ಆಮೇಲೆ ಬಡಗಿಗೆ ಕೊಡುವ ಕೆಲಸ. ಅವಳಿಗೆ ಸಿಕ್ಕ ಮೊಟ್ಟಮೊದಲ ಕೆಲಸ ಓನರ ಮನೆಯ ಅಡಿಗೆಮನೆ. ಅದೂ ಓನರಮ್ಮನ ಹಟದಿಂದ ಸಿಕ್ಕಿದ್ದು. ಓನರು ಮಾತ್ರ, "ಚಿಕ್ಕ ಹುಡುಗಿ, ಏನು ಮಾಡ್ತಾಳೋ. ಒಂದ್ಸಲ ತೋರಿಸ್ಲಿ, ಇಷ್ಟ ಆದ್ರೆ ಅವಳಿಗೆ, ಇಲ್ಲಾಂದ್ರೆ ಬೇರೆಯವರಿಗೆ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಾಳೆ ಸಂಜೆ ಇಬ್ಬರೂ ಕೆಳಗೆ ಬಂದು ನೋಡುವುದೆಂದು ಗೊತ್ತಾಗಿತ್ತು.

ತೊಂದರೆ ಏನೆಂದರೆ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅಡಿಗೆಮನೆಯನ್ನು ತಿರುಗಿಸಿದರೆ ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಿತ್ತು.

"ಇದಕ್ಕೆ ಏನಾಗಿದೆ ಪುಟ್ಟಿ?" ಎಂದ ಬಿಡುತ್ತಣ್ಣ.

"ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು ಅಪ್ಪ. ಚಿತ್ರ ತೋರಿಸೋದು ಅದೇ."

"ಹೊಸದು ತಂದು ಹಾಕಿದ್ರಾಯ್ತು."

"ಸುಮ್ನೆ ತಂದು ಹಾಕೋಕಾಗಲ್ಲ. ಒಳಗೆ ಹಿಡಿಸುತ್ತಾ, ಪವರ್ ಸಾಲುತ್ತಾ, ಬೋರ್ಡಿಗೆ ಹೊಂದುತ್ತಾ, ಎಲ್ಲಾ ನೋಡ್ಬೇಕು. ಈ ಕೆಲಸ ಕೈಗೆ ಬರ್ಲಿ, ಆಮೇಲೆ ನೋಡೋಣ. ನೀವು ಅದನ್ನ ಮುಟ್ಟಬೇಡಿ."

ಹೊಂದುತ್ತಾ ನೋಡಬೇಕಂತೆ! ಜನ್ಮವಿಡೀ ಹೊಂದದ್ದನ್ನು ಹೊಂದಿಸಿಯೇ ಸಂಸಾರ ಸಾಕಿದವನಿಗೆ ಮಗಳ ಪಾಠ. ಬಿಡುತ್ತಣ್ಣ ಮೀಸೆಯಡಿಯಲ್ಲೇ ನಕ್ಕ. ಈ ವರ್ಷದ ಬೋನಸ್ಸು ಕೈಯಲ್ಲಿತ್ತು. ಮಗಳ ಮೊದಲ ಕೆಲಸ. ಅಪ್ಪ ಅನ್ನಿಸಿಕೊಂಡವನು ಇಂಥ ಹೊತ್ತಿಗೆ ಆಗದಿದ್ದರೆ ಇನ್ಯಾವಾಗ ಆಗುವುದು? ಅವಳು ಅತ್ತ ಹೋದದ್ದೇ ತಡ, ಕಂಪ್ಯೂಟರಿನ ಹಿಂಭಾಗದಲ್ಲಿ ಹಳೆಯ ಕಾರ್ಡಿನ ತಗಡು ಕಾಣುತ್ತದಲ್ಲ, ಅದರ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡ. ಗಿರಾಕಿಯೇ ಬರಲಾಗದಿದ್ದಾಗ ಪಾದದ ಅಚ್ಚು ತರಿಸಿಕೊಂಡು ಶೂ ಕೊಟ್ಟ ಅನುಭವ ಇದ್ದೇ ಇತ್ತು.

ಸಂಜೆ ಕೆಲಸ ಮುಗಿಸಿ ಕಂಪ್ಯೂಟರ್ ಅಂಗಡಿಗೆ ಹೋದ. ಗಲ್ಲಾಪೆಟ್ಟಿಗೆಯ ಹಿಂದೆ ಅಂಗಡಿಯವನು ಕುಳಿತಿದ್ದ. ತಲೆಯ ಮೇಲೆ 'ತೆರೆದ ಮಾಲು ವಾಪಸ್ಸಿಲ್ಲ' ಎಂಬ ಫಲಕ. ಬಿಡುತ್ತಣ್ಣ ಕಾಗದ ಬಿಡಿಸಿ ಮೇಜಿನ ಮೇಲೆ ಹರಡಿದ.

"ಈ ಅಳತೇದು ಒಂದು ಗ್ರಾಫಿಕ್ಸ್ ಕಾರ್ಡ್ ಕೊಡಿ."

ಅಂಗಡಿಯವನು ಕಾಗದವನ್ನು ಉದ್ದಕ್ಕೆ, ಅಡ್ಡಕ್ಕೆ, ಬೆಳಕಿಗೆ ಹಿಡಿದು ನೋಡಿದ. "ಇದು ಹಿಂದಿನ ತಗಡು ಸಾರ್. ಅದು ಎಲ್ಲಾ ಕಾರ್ಡಿಗೂ ಒಂದೇ ಥರ. ಅದಿರ್ಲಿ, ಕೇಸ್ ಯಾವುದು?"

ಬಿಡುತ್ತಣ್ಣನ ಮುಖ ಗಂಭೀರವಾಯಿತು. "ನಮ್ಮ ವಂಶದಲ್ಲೇ ಯಾರ ಮೇಲೂ ಕೇಸಿಲ್ಲ ಸಾರ್. ಮರ್ಯಾದಸ್ಥರು."

"ಆ ಕೇಸಲ್ಲ. ಕಂಪ್ಯೂಟರ್ ಭಾಗಗಳೆಲ್ಲ ಇರೋ ಡಬ್ಬ ಇದೆಯಲ್ಲ, ಅದಕ್ಕೆ ಕೇಸ್ ಅಂತೀವಿ."

"ಓಹೋ, ಆ ಕೇಸಾ! ಹಾಗೆ ಕೇಳಿ ಮತ್ತೆ." ಹೊಸ ಮಾತೊಂದು ಸಿಕ್ಕಿತೆಂದು ಬಿಡುತ್ತಣ್ಣ ಅದನ್ನು ಬಾಯಲ್ಲಿ ಎರಡು ಸಲ ಆಡಿಸಿ ನೋಡಿದ. "ಕೇಸು ಚಿಕ್ಕದೇ."

"ಪವರ್ ಎಷ್ಟಿದೆ?"

"ದೂರದ್ದು ಸರಿಯಿದೆ. ಓದೋಕೆ ಒಂದೂವರೆ" ಎಂದು ಕನ್ನಡಕ ಮೇಲೇರಿಸಿಕೊಂಡ.

ಅಂಗಡಿಯವನು ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದ. ಒಳ್ಳೆಯ ಮನುಷ್ಯ, ತಾಳ್ಮೆ ಇತ್ತು. "ನೋಡಿ ಸಾರ್, ಹೊಂದುತ್ತೋ ಇಲ್ವೋ ತಿಳೀದೆ ಕೊಟ್ರೆ ನನಗೆ ಪಾಪ ಬರುತ್ತೆ. ಕಾರ್ಡ್ ಉದ್ದ ಇದ್ರೆ ಕೇಸಲ್ಲಿ ಹಿಡಿಸಲ್ಲ. ಕಂಪ್ಯೂಟರ್ ಯಾರದ್ದೋ ಅವರನ್ನೇ ಕರ್ಕೊಂಡು ಬನ್ನಿ."

"ಅಯ್ಯೋ, ಅಷ್ಟೆಲ್ಲ ಯಾಕೆ ಸಾರ್. ಸ್ವಲ್ಪ ಬಿಗಿ ಇದ್ರೆ ಇರ್ಲಿ, ಹಾಕ್ತಾ ಹಾಕ್ತಾ ಬಿಡುತ್ತೆ."

ಅಂಗಡಿಯವನು ಬೆಚ್ಚಿದ. ಬಿಡುತ್ತಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ತಲೆ ತಗ್ಗಿಸಿ ಮೇಜಿನ ಕೆಳಗೆ ತನ್ನದೇ ಪಾದದ ಕಡೆ ಬಹಳ ಹೊತ್ತು ನೋಡಿದ. ಮತ್ತೆ ತಲೆಯೆತ್ತಿದಾಗ ಆ ಮುಖದಲ್ಲಿ ತಾಳ್ಮೆ ಇರಲಿಲ್ಲ, ಶಾಂತಿ ಇತ್ತು.

"ಹಾಗಾದ್ರೆ ದೊಡ್ಡದೇ ತಗೊಳ್ಳಿ ಸಾರ್" ಎಂದು ಎದ್ದು, ಕುಂಟುತ್ತಾ ಒಳಗೆ ಹೋಗಿ, ಅಂಗಡಿಯಲ್ಲಿದ್ದ ಅತಿ ಉದ್ದದ ಕಾರ್ಡು ತಂದು ಕಟ್ಟಿಕೊಟ್ಟ. ಮೂರು ಫ್ಯಾನಿನ ಕಾರ್ಡು. ಪಾಪ, ಅಂಗಡಿಯವನ ಕಾಲಿಗೆ ಏನಾಗಿದೆಯೋ ಎಂದು ಮರುಗುತ್ತಾ ಬಿಡುತ್ತಣ್ಣ ಮನೆಗೆ ಬಂದ.

ಮರುದಿನ ಅವನಿಗೆ ವಾರದ ರಜೆ. ಪುಟ್ಟಿ ಕಪಾಟಿನ ಬಣ್ಣಕ್ಕೆ ಹಲಗೆಯ ತುಣುಕು ತರಲು ಹೋದಳು. ಬಿಡುತ್ತಣ್ಣ ನಡುಮನೆಯ ನೆಲದ ಮೇಲೆ ಕಂಪ್ಯೂಟರ್ ಮಲಗಿಸಿ, ಪಕ್ಕದ ತಗಡು ಬಿಚ್ಚಿ, ಹಳೆಯ ಕಾರ್ಡು ಕಿತ್ತು, ಹೊಸದನ್ನು ಇಟ್ಟು ನೋಡಿದ. ಹಿಮ್ಮಡಿ ಕೂತಿತು. ಬೆರಳು ಕೂರಲಿಲ್ಲ. ಅಂದರೆ ಹಿಂದಿನ ತಗಡು ತನ್ನ ಜಾಗಕ್ಕೆ ಬಂದಿತ್ತು, ಮುಂದಿನ ತುದಿ ಮಾತ್ರ ಒಳಗಿದ್ದ ಒಂದು ಕಪ್ಪು ಡಬ್ಬಕ್ಕೆ ಎದೆ ಕೊಟ್ಟು ನಿಂತಿತ್ತು.

ಬಿಡುತ್ತಣ್ಣ ಜೇಬಿನಿಂದ ಉಕ್ಕಿನ ಪಟ್ಟಿ ತೆಗೆದ.

"ರೀ, ಅದರೊಳಗೆ ಚಪ್ಪಲಿ ಪಟ್ಟಿ ಯಾಕೆ?" ಎಂದಳು ಹೆಂಡತಿ, ಅಡಿಗೆಮನೆ ಬಾಗಿಲಿಂದ.

"ನಿನಗೆ ಗೊತ್ತಾಗಲ್ಲ. ಇದು ಟೆಕ್ನಿಕಲ್."

ಪಟ್ಟಿಯನ್ನು ಕಾರ್ಡಿನ ಹಿಂದೆ ಇಟ್ಟು ಜಾರಿಸಿದ. ಜಾರಲಿಲ್ಲ. ಒತ್ತಿದ. ಒಳ್ಳೆಯ ಜಾತಿಯ ಉಕ್ಕು, ಎಷ್ಟೋ ಗಿರಾಕಿಗಳನ್ನು ಕಂಡದ್ದು, ಈಗ ಮೊದಲ ಬಾರಿಗೆ ಬಾಗಿತು. "ಈ ಕಪ್ಪು ಡಬ್ಬದ್ದೇ ತಕರಾರು" ಎಂದು ಬಿಡುತ್ತಣ್ಣ ಅದರ ಸ್ಕ್ರೂ ಬಿಚ್ಚಿ, ತಂತಿ ಎಳೆದು, ಡಬ್ಬವನ್ನು ಪಕ್ಕಕ್ಕೆ ಎಸೆದ. ಈಗ ಕಾರ್ಡು ಕೂತಿತು. ಆದರೆ ಅದರ ನೆತ್ತಿಯ ಮೇಲೆ ಎರಡು ತೂತು ಖಾಲಿ ಉಳಿದವು. ಅಲ್ಲಿಗೆ ಬರಬೇಕಾದ ತಂತಿ ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ.

ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಅಂಗಡಿಯವನಿಗೆ ಫೋನು ಹಚ್ಚಿದ. ಅದೇ ಹೊತ್ತಿಗೆ ಮೇಲಿನ ಕಟಕಟೆಯಲ್ಲಿ ಓನರಮ್ಮ ಬಟ್ಟೆ ಒಣಹಾಕುತ್ತಿದ್ದರು. ಬಿಡುತ್ತಣ್ಣನ ಮಾತು ಅವರ ಕಿವಿಗೆ ಬಿದ್ದದ್ದು ಹೀಗೆ:

"ನಮಸ್ಕಾರ ಸಾರ್, ಕೇಸ್ ಓಪನ್ ಮಾಡ್ಬಿಟ್ಟೆ... ಹ್ಞೂಂ, ಬೆಳಿಗ್ಗೇನೇ... ಇಲ್ಲ ಇಲ್ಲ, ಓನರ್‌ಗೆ ಇನ್ನೂ ಗೊತ್ತಿಲ್ಲ. ಸಂಜೆ ಬರ್ತಾರಲ್ಲ, ಆಗ ತೋರಿಸೋಣ ಅಂತ... ಕೇಸು ಹಳೇದೇ ಸಾರ್, ಒಳಗೆಲ್ಲಾ ಧೂಳು ಕೂತಿತ್ತು, ಝಾಡಿಸಿದೀನಿ... ಏನಂದ್ರಿ? ಪವರ್ ಸಾಲಲ್ವಾ? ಜಾಸ್ತಿ ಪವರ್ ಇರೋರನ್ನೇ... ಇರೋದನ್ನೇ ತರಿಸೋಣ ಬಿಡಿ... ದೊಡ್ಡ ಕೇಸೇ ಹಾಕ್ಬೇಕಾ? ಹಾಕೋಣ! ಮಗಳ ಭವಿಷ್ಯಕ್ಕಿಂತ ಹೆಚ್ಚಾ?"

ಓನರಮ್ಮನ ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು. ಅದನ್ನೂ ಎತ್ತದೆ ಒಳಗೆ ಓಡಿದರು.

"ಕೇಳಿದ್ರಾ? ಕೆಳಗಿನವರು ನಮ್ಮ ಮೇಲೆ ಕೇಸ್ ಹಾಕ್ತಿದಾರೆ! ಚಿಕ್ಕದಲ್ಲ, ದೊಡ್ಡ ಕೇಸು. ಪವರ್ ಇರೋ ವಕೀಲರನ್ನ ಹಿಡಿದಿದಾರೆ!"

ಓನರು ಪೇಪರು ಮಡಿಚಿದರು. "ಯಾಕಂತೆ?"

"ಯಾಕೆ ಅಂತ ಬೇರೆ ಕೇಳ್ತೀರಲ್ಲ! ಅವರ ಬಚ್ಚಲಲ್ಲಿ ಮಳೆ ಬರ್ತಿದೆ, ನೀವು 'ನೋಡೋಣ ನೋಡೋಣ' ಅಂತ ಕೂತಿದೀರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಓನರ ಕೈ ತಾನಾಗಿ ಹೆಗಲಿಗೆ ಹೋಯಿತು. ಮೊದಲು ಸಿಟ್ಟು ಬಂತು. "ನನ್ನ ಮೇಲೆ ಕೇಸ್ ಹಾಕೋನ ಮಗಳ ಕೈಲಿ ನನ್ನ ಅಡಿಗೆಮನೆ ಮಾಡಿಸ್ಬೇಕಾ? ಇವತ್ತೇ ಬೇರೆಯವರಿಗೆ ಹೇಳ್ತೀನಿ!"

"ಹೇಳಿ. ಅದನ್ನೂ ಸೇರಿಸಿ ಇನ್ನೂ ದೊಡ್ಡ ಕೇಸ್ ಹಾಕ್ಲಿ. ಸುಮ್ನೆ ಪ್ಲಂಬರನ್ನ ಕರೀರಿ!"

ಸಿಟ್ಟಿನ ಹಿಂದೆಯೇ ಭಯ ಬಂದು ಸಿಟ್ಟನ್ನು ಪಕ್ಕಕ್ಕೆ ತಳ್ಳಿತು. ಓನರು ಪ್ಲಂಬರಿಗೆ ಫೋನು ಮಾಡಿದರು. ಓನರು ತಾವಾಗಿ ಕರೆದದ್ದು ಕಂಡು ಪ್ಲಂಬರನೂ ಗಾಬರಿಯಾಗಿ, ಯಾರಿಗೋ ಏನೋ ಆಗಿದೆ ಎಂದುಕೊಂಡು, ಊಟ ಬಿಟ್ಟು ಓಡಿಬಂದ.

ಈ ನಡುವೆ ಕೆಳಗೆ ಪುಟ್ಟಿ ಬಂದಳು. ಬಾಗಿಲಲ್ಲೇ ಹಲಗೆ ತುಣುಕುಗಳೆಲ್ಲ ಕೈಯಿಂದ ಜಾರಿದವು.

"ಅಪ್ಪಾ! ಆ ಕಪ್ಪು ಡಬ್ಬ ಯಾಕೆ ಹೊರಗಿದೆ?"

"ಅಡ್ಡ ಬರ್ತಿತ್ತು ಕಣೇ. ನೋಡು, ಈಗ ಹೇಗೆ ಕೂತಿದೆ."

"ನನ್ನ ಕೆಲಸ ಎಲ್ಲಾ ಅದರಲ್ಲೇ ಇರೋದು! ಅಡಿಗೆಮನೆ ಅದರೊಳಗಿದೆ ಅಪ್ಪ!"

ಬಿಡುತ್ತಣ್ಣ ಡಬ್ಬದ ಕಡೆ ನೋಡಿದ. ಓನರ ಇಡೀ ಅಡಿಗೆಮನೆಯನ್ನು ತಾನು ಚಪ್ಪಲಿ ಸ್ಟ್ಯಾಂಡಿನ ಮೂಲೆಗೆ ಎಸೆದಿದ್ದೇನೆಂದು ನಿಧಾನವಾಗಿ ತಿಳಿಯಿತು.

"ಅಳತೆ ತಗೊಂಡೇ ತಂದೆ ಪುಟ್ಟಿ" ಎಂದು ಪೆನ್ಸಿಲ್ ಅಚ್ಚು ತೋರಿಸಿದ.

ಪುಟ್ಟಿ ಅದನ್ನು ನೋಡಿ, ಅಪ್ಪನನ್ನು ನೋಡಿ, ಒಂದೇ ಮಾತು ಕೇಳಿದಳು. "ಹಿಮ್ಮಡಿ ಒಂದೇ ಅಳೆದು ಯಾರಿಗಾದ್ರೂ ಶೂ ಕೊಡ್ತೀರಾ?"

ಬಿಡುತ್ತಣ್ಣನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಮಗಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಅಚ್ಚಿನ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಅವಳು ಮಾತು ಬಿಟ್ಟು, ನೆಲದ ಮೇಲೆ ಕೂತು, ಉದ್ದದ ಕಾರ್ಡು ತೆಗೆದು, ಡಬ್ಬ ಒರೆಸಿ ಸ್ಕ್ರೂ ಹಾಕತೊಡಗಿದಳು.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಂತೆ" ಎಂದಳು ಹೆಂಡತಿ. "ಅವರಪ್ಪಾನೂ ನೆಟ್ಟಗೆ ಆಗ್ಲಿಲ್ಲ."

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಸಂಜೆಗೆ ಬರಬೇಕಾದವರು ಮಧ್ಯಾಹ್ನವೇ ಬಂದಿದ್ದರು. ಮುಂದೆ ಓನರು, ಹಿಂದೆ ಓನರಮ್ಮ, ಅವರ ಹಿಂದೆ ಕೊಳವೆ ಹಿಡಿದ ಪ್ಲಂಬರ್. ಬಿಡುತ್ತಣ್ಣ ಬಾಗಿಲಿಗೆ ಅಡ್ಡ ನಿಂತ.

"ನಿಮ್ಮ ಬಚ್ಚಲು ಸರಿ ಮಾಡಿಸೋಣ ಅಂತ ಬಂದೆ" ಎಂದರು ಓನರು, ಜನ್ಮದಲ್ಲಿ ಎಂದೂ ಬಳಸದ ದನಿಯಲ್ಲಿ. ಪ್ಲಂಬರ್ ನೇರ ಬಚ್ಚಲಿಗೆ ನಡೆದ. ಓನರು ಗಂಟಲು ಸರಿಮಾಡಿಕೊಂಡರು. "ಅಲ್ಲ, ಕೇಸಿನ ವಿಷಯ ನಮಗೆ ಗೊತ್ತಾಯ್ತು."

ಬಿಡುತ್ತಣ್ಣ ಬೆವರಿದ. "ಅಯ್ಯೋ, ಯಾರು ಹೇಳಿದ್ರು ಸಾರ್? ನೀವು ಬರೋದ್ರೊಳಗೆ ಮುಗಿಸೋಣ ಅಂತಿದ್ದೆ."

"ಮುಗಿಸೋಣ ಅಂತಿದ್ರಾ!" ಓನರು ಗೋಡೆ ಹಿಡಿದುಕೊಂಡರು. "ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೀವಿ. ವಾಪಸ್ ತಗೋಬಹುದಲ್ಲ?"

"ನಾನೂ ಕೇಳ್ದೆ ಸಾರ್. ಓಪನ್ ಮಾಡಿದ್ಮೇಲೆ ವಾಪಸ್ ಇಲ್ವಂತೆ. ಗೋಡೆ ಮೇಲೇ ಬರೆದು ಹಾಕಿದಾರೆ."

"ಕೋರ್ಟಲ್ಲಿ ಹಾಗೂ ಬರೆದಿರ್ತಾರಾ?" ಎಂದು ಓನರಮ್ಮ ಗಂಡನ ಕಿವಿಯಲ್ಲಿ ಪಿಸುಗುಟ್ಟಿದರು.

"ನಿಮ್ಮ ಮಗಳಿಗೆ ಗೊತ್ತಾ ಇದು?" ಎಂದರು ಓನರು.

"ಈಗಷ್ಟೇ ಗೊತ್ತಾಯ್ತು ಸಾರ್. ನನ್ನ ಜತೆ ಮಾತು ಬಿಟ್ಟಿದಾಳೆ."

ಓನರಮ್ಮನ ಕಣ್ಣು ಒದ್ದೆಯಾಯಿತು. "ನೋಡಿದ್ರಾ? ಹುಡುಗಿ ನಮ್ಮ ಪರ. ಚಿನ್ನದಂಥ ಹುಡುಗಿ."

"ನೋಡಿ," ಎಂದರು ಓನರು, "ಆದದ್ದಾಯ್ತು. ಕೇಸ್ ಎಲ್ಲಿದೆ ಹೇಳಿ. ಯಾವ ಕೋರ್ಟಲ್ಲಿದ್ರೂ ಸರಿ, ನಾನೇ ಬಂದು ಮಾತಾಡ್ತೀನಿ."

"ಕೋರ್ಟಲ್ಯಾಕೆ ಇರುತ್ತೆ ಸಾರ್? ಇಲ್ಲೇ ನಡುಮನೇಲಿದೆ, ನೆಲದ ಮೇಲೆ. ಪಕ್ಕದ ತಗಡು ಮಾತ್ರ ಸಿಗ್ತಿಲ್ಲ." ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಬಿಡುತ್ತಣ್ಣ ಪಕ್ಕಕ್ಕೆ ಸರಿದು ಒಳಗೆ ಬೊಟ್ಟು ಮಾಡಿದ. "ಅದೇ ಸಾರ್ ಕೇಸು."

ಓನರು ಕತ್ತು ಚಾಚಿ ನೋಡಿದರು. ಹೊಟ್ಟೆ ಬಗೆದ ಒಂದು ಕಬ್ಬಿಣದ ಡಬ್ಬ. ಅದರ ಮುಂದೆ ಸ್ಕ್ರೂಡ್ರೈವರ್ ಹಿಡಿದ ಪುಟ್ಟಿ.

"ಇದಕ್ಕೆ ಕೇಸ್ ಅಂತಾರಾ?"

"ಹ್ಞೂಂ ಅಂಕಲ್," ಎಂದಳು ಪುಟ್ಟಿ ಮೂಗೊರೆಸಿಕೊಂಡು, "ಅಪ್ಪ ಹಿಡಿಸದೇ ಇರೋ ಕಾರ್ಡನ್ನ ತುರುಕೋಕೆ ಹೋಗಿ ಹೀಗೆ ಮಾಡಿದಾರೆ."

ಓನರು ಹೆಂಡತಿಯ ಕಡೆ ತಿರುಗಿದರು. ಓನರಮ್ಮ ಸೀರೆಯ ಸೆರಗನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. "ಲೇ ಪ್ಲಂಬರ್, ಬೇಡಪ್ಪಾ, ವಾಪಸ್ ಹೋಗು!" ಎಂದು ಓನರು ಕೂಗಿದರು. ಬಚ್ಚಲಿನಿಂದ "ಒಡೆದಾಯ್ತು ಸಾರ್!" ಎಂಬ ಉತ್ತರ ಬಂತು. ತೆರೆದ ಮಾಲು ಅಲ್ಲಿಯೂ ವಾಪಸ್ಸಿರಲಿಲ್ಲ. ಬಿಡುತ್ತಣ್ಣನ ಹೆಂಡತಿ ಅವತ್ತು ಮೊದಲ ಬಾರಿಗೆ ನಕ್ಕಳು. ಎಲ್ಲರಿಗೂ ಟೀ ಇಡಲು ಒಳಗೆ ಹೋದಳು.

ಓನರು ಮಾತ್ರ ನಗಲಿಲ್ಲ. ಪ್ಲಂಬರನ ಖರ್ಚು ಮುಖದಲ್ಲೇ ಕಾಣುತ್ತಿತ್ತು. "ಬಂದದ್ದಾಯ್ತು. ಏನಿದೆಯೋ ಈಗಲೇ ತೋರಿಸಿ. ಇಲ್ಲಾಂದ್ರೆ ನಾನು ಬೇರೆಯವರಿಗೆ ಹೇಳ್ತೀನಿ."

ಪುಟ್ಟಿ ಹಳೆಯ ಕಾರ್ಡನ್ನೇ ಕೂರಿಸಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದಳು. ಪರದೆ ಕಪ್ಪಗಿತ್ತು. ಬಿಡುತ್ತಣ್ಣನ ತುಟಿ ಅಭ್ಯಾಸಬಲದಿಂದ ಏನೋ ಹೇಳಲು ಹೋಗಿ ಹಾಗೇ ನಿಂತಿತು. ಆಮೇಲೆ ಕಂಪ್ಯೂಟರ್ ಒಮ್ಮೆ ಕೆಮ್ಮಿತು, ಗೊರ್ ಎಂದಿತು, ಪರದೆಯ ಮೇಲೆ ಓನರ ಅಡಿಗೆಮನೆ ಬೆಳಗಿತು. ತಿಳಿಹಸಿರು ಕಪಾಟು, ಕಿಟಕಿಯ ಪಕ್ಕ ಒಲೆಕಟ್ಟೆ. ಓನರಮ್ಮ "ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ!" ಎಂದರು. ಪುಟ್ಟಿ ನಿಧಾನವಾಗಿ ತಿರುಗಿಸಿದಳು. ಅಡಿಗೆಮನೆ ಬಾಗಿಲವರೆಗೆ ತಿರುಗಿ, ಏದುಸಿರು ಬಿಟ್ಟು, ನಿಂತೇಬಿಟ್ಟಿತು. ಸರಿಯಾಗಿ ಬಾಗಿಲ ನಡುವೆ ದೊಡ್ಡದೊಂದು ಫ್ರಿಜ್ಜು ಸಿಕ್ಕಿಕೊಂಡು ನಿಂತಿತ್ತು.

"ಇದೇನು, ಫ್ರಿಜ್ಜು ಬಾಗಿಲಲ್ಲಿ ಸಿಕ್ಕಾಕೊಂಡಿದೆ?" ಎಂದರು ಓನರು. "ಕಂಪ್ಯೂಟರ್ ಕೆಟ್ಟಿದ್ಯಾ?"

"ಕಂಪ್ಯೂಟರ್ ನಿಂತಿರೋದು ನಿಜ ಅಂಕಲ್. ಆದ್ರೆ ಫ್ರಿಜ್ಜು ನಿಜವಾಗ್ಲೂ ಸಿಕ್ಕಾಕೊಳ್ಳುತ್ತೆ. ನಾಳೆ ತರಿಸ್ತೀನಿ ಅಂದ್ರಲ್ಲ, ಅದರ ಅಳತೇನೇ ಹಾಕಿದೀನಿ. ನಿಮ್ಮ ಬಾಗಿಲಲ್ಲಿ ಅದು ಹೋಗಲ್ಲ. ಇದನ್ನೇ ತೋರಿಸ್ಬೇಕು ಅಂತಿದ್ದೆ."

"ಸ್ವಲ್ಪ ಓರೆ ಮಾಡಿದ್ರೆ?"

"ಇಲ್ಲ ಅಂಕಲ್."

"ನಾಲ್ಕು ಜನ ಸೇರಿ ತಳ್ಳಿದ್ರೆ? ಅಲ್ರೀ ಬಿಡುತ್ತಣ್ಣ, ಇಂಥದ್ದರಲ್ಲಿ ನೀವು ಅನುಭವಸ್ಥರು. ಹೇಳಿ ನೋಡೋಣ, ಬಿಡುತ್ತೆ ತಾನೆ?"

ಎಲ್ಲರೂ ಅವನ ಕಡೆ ನೋಡಿದರು. ಪುಟ್ಟಿಯೂ ನೋಡಿದಳು, ಮಾತು ಬಿಟ್ಟ ಮೇಲೆ ಮೊದಲ ಸಲ. ಬಿಡುತ್ತಣ್ಣ ಜೇಬು ಮುಟ್ಟಿಕೊಂಡ. ಬಾಗಿದ ಪಟ್ಟಿ ಎದೆಗೆ ಚುಚ್ಚಿತು.

"ಬಿಡಲ್ಲ ಸಾರ್" ಎಂದ.

ಒಳಗಿನಿಂದ ಹೆಂಡತಿ ಟೀ ಸೋಸುವುದನ್ನು ನಿಲ್ಲಿಸಿ ಇಣುಕಿದಳು. ಬಿಡುತ್ತಣ್ಣ ಬಿಡಲ್ಲ ಅಂದನೆಂದರೆ ಇನ್ನು ದೇವರು ಬಂದರೂ ಬಿಡುವುದಿಲ್ಲವೆಂದು ಓನರಿಗೆ ಖಾತ್ರಿಯಾಯಿತು. ಅಲ್ಲೇ ಫ್ರಿಜ್ಜಿನ ಅಂಗಡಿಗೆ ಫೋನು ಮಾಡಿ ಚಿಕ್ಕದು ಕಳಿಸಲು ಹೇಳಿದರು. ಆಮೇಲೆ ಪುಟ್ಟಿಯ ಕಡೆ ತಿರುಗಿ, "ಬಡಗಿ ಯಾವತ್ತು ಬರ್ತಾನೆ?" ಎಂದು ಕೇಳಿದರು. ಕೆಲಸ ಕೊಟ್ಟೆ ಎನ್ನುವುದು ಓನರ ಭಾಷೆಯಲ್ಲಿ ಹಾಗೆ.

ಮರುದಿನ ಅಪ್ಪ ಮಗಳು ಇಬ್ಬರೂ ಉದ್ದದ ಕಾರ್ಡು ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಮೌನವಾಗಿ ತಲೆಯ ಮೇಲಿನ ಫಲಕ ತೋರಿಸಿದ.

"ಗೊತ್ತು ಸಾರ್. ಆದ್ರೆ ಇದು ಹಿಡಿಸ್ಲಿಲ್ಲ" ಎಂದ ಬಿಡುತ್ತಣ್ಣ.

"ಹಾಕ್ತಾ ಇರಿ ಸಾರ್. ಹಾಕ್ತಾ ಹಾಕ್ತಾ ಬಿಡುತ್ತೆ."

ಹೀಗೆಂದು ಅಂಗಡಿಯವನು ಮೇಜಿನ ಹಿಂದಿನಿಂದ ಕುಂಟುತ್ತಾ ಹೊರಗೆ ಬಂದು, ಎರಡು ಪಾದವನ್ನೂ ಜೋಡಿಸಿ ಎದುರಿಗೆ ನಿಂತ. ಕಪ್ಪು ಶೂ, ಹೊಳಪು ಮಾಸಿರಲಿಲ್ಲ, ಹಿಂದೆ ಅಂಟುಪಟ್ಟಿ ಹಚ್ಚಿದ ಹಿಮ್ಮಡಿ. ಬಿಡುತ್ತಣ್ಣ ಮುಖ ಮರೆತಾನು, ಶೂ ಮರೆಯುವವನಲ್ಲ. ಹೋದ ತಿಂಗಳು, ಗಂಡಸರ ವಿಭಾಗ, ಕೊನೆಯ ಜೊತೆ. ಪಟ್ಟಿಯನ್ನು ಎರಡು ಸಲ ಜಾರಿಸಬೇಕಾಗಿತ್ತು.

"ಅಪ್ಪ" ಎಂದಳು ಪುಟ್ಟಿ. ಅವಳಿಗೆ ಎಲ್ಲಾ ಅರ್ಥವಾಗಿತ್ತು.

"ಕೂತಿರಿ, ಈಗ ಬಂದೆ" ಎಂದು ಬಿಡುತ್ತಣ್ಣ ತನ್ನ ಅಂಗಡಿಗೆ ಓಡಿದ. ಕೈಯಲ್ಲಿ ಒಂದು ಡಬ್ಬ ಹಿಡಿದು ಬಂದ. ನೆಲದ ಮೇಲೆ ಮಂಡಿಯೂರಿ ಕೂತು, ಅಂಗಡಿಯವನ ಬಿಗಿ ಶೂ ಕಳಚಿ, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಅಳೆದು, ಪಟ್ಟಿ ಮುಟ್ಟದೆ ಹೊಸ ಜೊತೆ ತೊಡಿಸಿದ. ಆ ಹೊತ್ತಿಗೆ ಪುಟ್ಟಿ ತನ್ನ ಕೇಸಿನ ಉದ್ದ, ಪವರಿನ ಲೆಕ್ಕ ಎಲ್ಲಾ ಹೇಳಿ, ಹೊಂದುವ ಕಾರ್ಡೊಂದನ್ನು ಆರಿಸಿ ಮೇಜಿನ ಮೇಲೆ ಇಟ್ಟಿದ್ದಳು. ಅಂಗಡಿಯವನು ಎದ್ದು ಬಾಗಿಲವರೆಗೆ ನಡೆದ. ಕುಂಟಲಿಲ್ಲ. ತಿರುಗಿ ಬಂದು, ಉದ್ದದ ಕಾರ್ಡನ್ನು ಎತ್ತಿ ಕಪಾಟಿನಲ್ಲಿಟ್ಟು, ಪುಟ್ಟಿಯ ಕಾರ್ಡನ್ನು ಕಟ್ಟತೊಡಗಿದ. ಕಟ್ಟುತ್ತಾ ಕಟ್ಟುತ್ತಾ ಪಾದವನ್ನೊಮ್ಮೆ ಆಡಿಸಿದ.

"ಎಲ್ಲಾ ಸರಿ ಸಾರ್. ಒಂಚೂರು ಸಡಿಲ ಆಯ್ತೇನೋ."

ಬಿಡುತ್ತಣ್ಣನ ಬಾಯಿ ತಾನಾಗಿ ತೆರೆಯಿತು. "ಕಾಲುಚೀಲ ಹಾಕಿದ್ಮೇಲೆ..."

ಪುಟ್ಟಿ ಅಪ್ಪನನ್ನೇ ನೋಡುತ್ತಿದ್ದಳು. ಅಂಗಡಿಯವನ ಕೈ ಕಟ್ಟಿನ ದಾರದ ಮೇಲೆ ನಿಂತಿತು.

"...ಬಿಚ್ಚಿ ಸಾರ್," ಎಂದ ಬಿಡುತ್ತಣ್ಣ, "ಇನ್ನೊಂದು ಜೊತೆ ತರ್ತೀನಿ."